ತಿದ್ದುಪಡಿ

ವೈಜಿನಾಥ ಹಲಬರ್ಗಿಯವರ ಪತ್ರಿಕೆಗೆ ನಾಲ್ಕೇ ಪುಟ.
ಹದಿನೇಳು ವರ್ಷ ಅದರ ಮೊಳೆ ಜೋಡಿಸಿದವನು ನಾನು,
ಬೀದರಿನ ಚೌಬಾರಾದ ಹಿಂದಿನ ಗಲ್ಲಿಯಲ್ಲಿ.
ಟ್ರೆಡಲ್ಲಿನ ಸದ್ದಿಗೆ ಮೇಲ್ಮನೆಯ ಕೂಸು ನಿದ್ದೆ ಹೋಗುತ್ತಿತ್ತು,
ಸದ್ದು ನಿಂತರೆ ಎದ್ದು ಅಳುತ್ತಿತ್ತು.

ಲೋಕವನ್ನು ತಲೆಕೆಳಗಾಗಿ ಓದಿದವನು ನಾನು.
ಮಂತ್ರಿಯ ಭಾಷಣ, ತೊಗರಿಯ ಧಾರಣೆ, ಕಾರಂಜಾ ಕಾಲುವೆ
ಎಲ್ಲವೂ ನನಗೆ ಸೀಸದ ತೂಕ.
ಅವರೋ, ಕಿವಿಸಂದಿಯಲ್ಲಿ ಕೆಂಪು ಪೆನ್ಸಿಲ್ಲು,
ಮೂಗಿನ ತುದಿಯಲ್ಲಿ ಸಿಟ್ಟು.
ತಹಶೀಲ್ದಾರ ಅವರಿಗೆ ಹೆದರುತ್ತಿದ್ದ.
ಅದು ಅವರಿಗೆ ಗೊತ್ತಿತ್ತು, ರುಚಿಸುತ್ತಲೂ ಇತ್ತು.

ಒಂದು ಶುಕ್ರವಾರ, ಎರಡನೆಯ ಪುಟದಲ್ಲಿ,
ಬಿದ್ರಿ ಕೆಲಸದ ಉಸ್ತಾದ ಘೌಸೋದ್ದೀನ್ ತೀರಿಕೊಂಡರು.
ಎಂಟು ಸಾಲು, ಸುತ್ತ ಕಪ್ಪು ಅಂಚು.

ಶನಿವಾರ ಹನ್ನೊಂದಕ್ಕೆ ಘೌಸೋದ್ದೀನ್ ಬಂದರು.
ಚಪ್ಪಲಿ ಹೊರಗೆ ಬಿಟ್ಟು, ಸ್ಟೂಲಿನ ಮೇಲೆ ಕುಳಿತು,
ಚಹಾವನ್ನು ಬಶಿಗೆ ಸುರಿದುಕೊಂಡು ಕುಡಿದರು.
"ಛಲೋ ಬರ್ದೀರಿ ಬಿಡ್ರಿ.
ನಾ ಇಷ್ಟು ಒಳ್ಳೆಯವ ಅಂತ ನನಗೇ ಗೊತ್ತಿರಲಿಲ್ಲ."
ಆಸ್ಪತ್ರೆಯಿಂದ ಯಾರೋ ಹೇಳಿದ್ದು, ಅದೇ ಹೆಸರಿನ ಇನ್ಯಾರೋ...
ಸಾಹೇಬರ ಮಾತು ಅರ್ಧಕ್ಕೇ ಒಣಗಿತು.
ಉಸ್ತಾದರು ಬಶಿ ಕೆಳಗಿಟ್ಟರು:
"ಕಪ್ಪು ಹಿಡೀಲಾಕ ಕಿಲ್ಲೇದ ಮಣ್ಣು ತರ್ತೀವಲ್ರಿ ನಾವು,
ಎಲ್ಲಾ ಮಣ್ಣು ನಡ್ಯಾಂಗಿಲ್ಲ.
ನಾಲಿಗಿ ಮ್ಯಾಲ ಇಟ್ಟು ನೋಡ್ತೀವಿ.
ನೀವು ಸುದ್ದಿ ಇಟ್ಟು ನೋಡಿದ್ರೇನು?"

ಆ ರಾತ್ರಿ ತಿದ್ದುಪಡಿಯನ್ನು ಹನ್ನೊಂದು ಸಲ ಬರೆದರು.
'ಘೌಸೋದ್ದೀನ್ ಬದುಕಿದ್ದಾರೆ.'
ಬರೆದು, ಪೆನ್ಸಿಲ್ಲು ಕಚ್ಚಿ, ನನ್ನನ್ನು ಕೇಳಿದರು:
"ಮೌಲಾ, ಈ ಸಾಲು ಎಷ್ಟು ದಿನ ಖರೇ?"
ಫಾರಂ ಕಟ್ಟುವ ಹೊತ್ತು, ನನಗೆ ಸಿಟ್ಟು ಬಂತು.
"ನಾಳಿ ಪೇಪರಿಗೆ ಸಾಕಲ್ರಿ," ಅಂದೆ.
ಅವರು ನಗಲಿಲ್ಲ.

ತಿದ್ದುಪಡಿ ಮೊದಲ ಪುಟಕ್ಕೆ ಬಂತು, ಕ್ರಮೇಣ ಪುಟವನ್ನೇ ನುಂಗಿತು.
'ಒಂಬತ್ತು ವರ್ಷದ ಹಿಂದೆ ಉಸ್ಮಾನ್‌ಗಂಜಿನಲ್ಲಿ
ಹಮಾಲರು ಕಲ್ಲು ತೂರಿದರೆಂದು ಬರೆದಿದ್ದೆ.
ಕಲ್ಲನ್ನು ನಾನು ನೋಡಿರಲಿಲ್ಲ.'
'ಬೆಲೆ ಇಳಿಯಿತು ಎಂದಿದ್ದೆ. ಯಾರಿಗೆ ಎಂದು ಹೇಳಿರಲಿಲ್ಲ.'
ಜಾಹೀರಾತು ಉದುರಿದವು.
ಹುಮನಾಬಾದಿನ ಏಜೆಂಟ ಕಟ್ಟನ್ನು ಬಿಚ್ಚದೆ ಮರಳಿಸಿದ.
"ನನ್ನ ಬಗ್ಗೆ ತಿದ್ದುಪಡಿ ಯಾವಾಗ?"
ರೊಟ್ಟಿ ತಟ್ಟುತ್ತಲೇ ಕೇಳಿದರು ಚಂದ್ರಭಾಗಾಬಾಯಿ.
ಮೂರು ದಿನ ಸಾಹೇಬರು ಮಾತಾಡಲಿಲ್ಲ,
ನಾಲ್ಕನೆಯ ದಿನ ಕೊಡ ತುಂಬಿ ತಂದರು.

ಪತ್ರಿಕೆ ಮುಚ್ಚಿದ ಮೇಲೆ
ಕಾಲೇಜಿನ ಹುಡುಗರು ಬರತೊಡಗಿದರು, ತತ್ವಜ್ಞಾನಿ ಎಂದರು.
ಅವರ ತತ್ವವೆಲ್ಲ ನನ್ನ ಕೇಸಿನಿಂದ ಎತ್ತಿದ್ದು.
ಒಮ್ಮೆ ಕೇಳಿದ್ದರು, "ಅಚ್ಚಾಗದ ಈ ತುಂಡು ಏನೋ?"
"ಖಾಲಿ ಮೊಳಿರಿ. ಶಬ್ದದ ನಡುವ ಇಡೂದು,
ಇದಿಲ್ದಿದ್ರ ಸಾಲು ನಿಲ್ಲಂಗಿಲ್ಲ."
ಒಂದನ್ನು ಜೇಬಿಗಿಟ್ಟುಕೊಂಡರು.
ಆಮೇಲೆ ಯಾರು ಏನು ಕೇಳಿದರೂ
ಆ ಸೀಸದ ಚೂರನ್ನು ಬೆರಳಲ್ಲಿ ತಿರುವುತ್ತ
ಉತ್ತರಕ್ಕೆ ಮೊದಲು ಅಷ್ಟೇ ಅಗಲದ ಜಾಗ ಬಿಡುತ್ತಿದ್ದರು.
"ಕಂಡದ್ದು ಇಷ್ಟು, ಕೇಳಿದ್ದು ಇಷ್ಟು,
ನಡುವಿನದು ನನ್ನದಲ್ಲ," ಎನ್ನುತ್ತಿದ್ದರು.
ಕೆಲವು ಹುಡುಗರು ಆ ಜಾಗದಲ್ಲೇ ಎದ್ದು ಹೋದರು.

ಹೋದ ಕಾರ್ತಿಕದಲ್ಲಿ ತೀರಿಕೊಂಡರು.
ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ, ಎರಡು ಸಲ.
ದೊಡ್ಡ ಪತ್ರಿಕೆಯ ಹುಡುಗ ಫೋನು ಮಾಡಿದ:
"ಹುಟ್ಟಿದ ತಾರೀಖು?"
"ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ.
ಗೊತ್ತಿಲ್ಲ ಅಂತ ಹಾಕು, ಇಲ್ಲಾ ಜಾಗ ಬಿಡು."
ಹುಡುಗ ನಕ್ಕ.

ಮರುದಿನ ಪೇಪರಿನಲ್ಲಿ ಒಂದು ತಾರೀಖು ಇತ್ತು.
ತೊಂಬತ್ತು ದಾಟಿದ ಘೌಸೋದ್ದೀನರಿಗೆ ಓದಿ ಹೇಳಿದೆ.
ಅವರು ಚಹಾವನ್ನು ಬಶಿಗೆ ಸುರಿದುಕೊಂಡು
ಆರಲಿಕ್ಕೆ ಬಿಟ್ಟರು.